ಕೈಗೆ ತಿಳಿಯುವ ದಾರಿ

ಕಾರು ಕೊಳ್ಳಹೊರಟ ಸದ್ಭಕ್ತರು ಬೆಲೆ, ಬಣ್ಣ, ಮೈಲೇಜುಗಳನ್ನು ವಿಚಾರಿಸುವರು. ಸ್ಟೇರಿಂಗ್ ಕೈಗೆ ಏನನ್ನು ತಿಳಿಸುತ್ತದೆಂದು ಕೇಳುವವರು ವಿರಳ. ಮುಂದಿನ ಗಾಲಿಗಳು ರಸ್ತೆಯನ್ನು ಹಿಡಿದಿವೆಯೋ, ನೀರಿನ ಮೇಲೆ ಜಾರುತ್ತಿವೆಯೋ ಎಂಬುದನ್ನು ಚಾಲಕನು ಅಂಗೈಯಿಂದಲೇ ಅರಿಯಬೇಕು. 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರ ಸಾದಾ ಸ್ಟೇರಿಂಗ್, ಇಕ್ಕಟ್ಟಿನಲ್ಲಿ ತೋಳು ನೋಯಿಸಿದರೂ, ಈ ಅರಿವನ್ನು ಮರೆಮಾಚುತ್ತಿರಲಿಲ್ಲ. ಇಂಗ್ಲೆಂಡಿನ ಲೋಟಸ್ ಎಲೀಸ್ ಇದರಲ್ಲಿ ಶ್ರೇಷ್ಠವೆಂಬುದು ಬಲ್ಲವರ ಮತ. ಹಗುರವಾದ ಆ ಕಾರಿಗೆ ಯಾವ ಶಕ್ತಿಸಹಾಯವೂ ಬೇಕಾಗಲಿಲ್ಲ. ಜರ್ಮನಿಯ ಪೋರ್ಷೆ 911ಕ್ಕೆ 2011ರಲ್ಲಿ ಎಣ್ಣೆಯ ಒತ್ತಡದ ಬದಲು ವಿದ್ಯುತ್ ಮೋಟಾರಿನ ನೆರವು ಬಂದಾಗ ರಸಿಕರು ಮರುಗಿದರು. ಇಂದಿನ ಕಾರುಗಳು ಬಹುಪಾಲು ಮೋಟಾರಿನವೇ. ಆದರೂ ಬೆರಳಲ್ಲಿ ತಿರುಗುವ ಹಗುರತನವನ್ನೇ ಗುಣವೆನ್ನುವುದು ನಮಗೆ ಒಪ್ಪಿಗೆಯಿಲ್ಲ. ಮನೆಮಂದಿಯೊಡನೆ ಮಳೆಗಾಲದಲ್ಲಿ ಘಟ್ಟ ಇಳಿಯುವವರು, ಕೊಳ್ಳುವ ಮುನ್ನ ತಿರುವುಗಳುಳ್ಳ ದಾರಿಯಲ್ಲೊಮ್ಮೆ ಓಡಿಸಿ ನೋಡಲಿ: ವೇಗ ಹೆಚ್ಚಿದಂತೆ ಸ್ಟೇರಿಂಗ್ ಬಿಗಿಯಾಗಬೇಕು, ತಿರುವು ಮುಗಿದೊಡನೆ ತಾನೇ ನೇರಕ್ಕೆ ಮರಳಬೇಕು.