ಜಿನೀವಾದ ಲೆಕ್ಕದಲ್ಲಿ ನಮ್ಮ ಕಬ್ಬು

ಕಟಾವಿನ ಕಾಲದಲ್ಲೊಂದು ದಿನ ಬಾಬುರಾಯನಕೊಪ್ಪಲಿನ ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕುಳಿತಿದ್ದೆ. ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರ್ ನಿಂತಿತ್ತು. ಅದರ ಯಜಮಾನರು ಅರವತ್ತು ದಾಟಿದವರು. ಕೈಯಲ್ಲಿದ್ದ ಪತ್ರಿಕೆಯ ಒಂದು ಮೂಲೆಯನ್ನು ಬೆರಳಿಟ್ಟು ತೋರಿಸಿ, "ಸ್ವಾಮಿ, ನಮ್ಮ ಕಬ್ಬಿನ ಬೆಲೆ ಮೇಲೆ ಬ್ರೆಜಿಲ್‌ನೋರು ಕೇಸ್ ಹಾಕವ್ರಂತಲ್ಲ, ಅವರಿಗೂ ನಮಗೂ ಏನ್ ಸಂಬಂಧ? ನಾನೇನು ಅವರ ಗದ್ದೆ ಬದು ಒತ್ತಿದ್ನಾ?" ಎಂದು ಕೇಳಿದರು. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಉತ್ತರ ಹೇಳಲು ಹೊರಟಾಗ, ಇದು ಒಂದು ಲೋಟ ಟೀ ಮುಗಿಯುವುದರೊಳಗೆ ಮುಗಿಯುವ ಮಾತಲ್ಲವೆಂದು ತಿಳಿಯಿತು. ಅಂದು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಮುಂದುವರಿಸಿದ್ದೇನೆ.

ವ್ಯಾಜ್ಯ ಏನು?

2019ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಬ್ರೆಜಿಲ್, ಆಸ್ಟ್ರೇಲಿಯ ಮತ್ತು ಗ್ವಾಟೆಮಾಲ ದೇಶಗಳು ಜಿನೀವಾ ನಗರದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತದ ಮೇಲೆ ದೂರು ಕೊಟ್ಟವು. ಕಬ್ಬಿಗೆ ಸರ್ಕಾರ ಗೊತ್ತುಪಡಿಸುವ ಬೆಲೆಯು ಒಪ್ಪಂದದ ಮಿತಿಯನ್ನು ಮೀರಿದೆ ಎಂಬುದು ಒಂದು ದೂರು. ಸಕ್ಕರೆ ರಫ್ತಿಗೆ ಸಹಾಯಧನ ಕೊಟ್ಟು ಲೋಕದ ಪೇಟೆಯನ್ನು ಕೆಡಿಸಲಾಗಿದೆ ಎಂಬುದು ಇನ್ನೊಂದು. 2021ರ ಡಿಸೆಂಬರ್ 14ರಂದು ಹೊರಬಂದ ವರದಿಯಲ್ಲಿ ತೀರ್ಪುಗಾರರ ಮಂಡಳಿಯು ಎರಡು ವಿಷಯಗಳಲ್ಲಿಯೂ ಭಾರತದ ವಿರುದ್ಧವೇ ಹೇಳಿತು. 2014-15ರಿಂದ 2018-19ರವರೆಗಿನ ಐದು ಹಂಗಾಮುಗಳಲ್ಲಿ ಕಬ್ಬು ಬೆಳೆಗಾರರಿಗೆ ದೊರೆತ 'ಬೆಂಬಲ'ವು, ಬೆಳೆದ ಕಬ್ಬಿನ ಒಟ್ಟು ಮೌಲ್ಯದ ಶೇಕಡ 10ರ ಮಿತಿಯನ್ನು ದಾಟಿದೆ ಎಂಬುದು ಅದರ ತೀರ್ಮಾನ. ಭಾರತ ಮೇಲ್ಮನವಿ ಸಲ್ಲಿಸಿತು. ಆದರೆ ಮೇಲ್ಮನವಿ ಪೀಠಕ್ಕೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆಹಿಡಿದಿದ್ದರಿಂದ ಆ ಪೀಠವು 2019ರ ಡಿಸೆಂಬರಿನಲ್ಲೇ ಕೆಲಸ ನಿಲ್ಲಿಸಿತ್ತು. ಹೀಗಾಗಿ ವ್ಯಾಜ್ಯ ತೀರಲೂ ಇಲ್ಲ, ಬಿದ್ದುಹೋಗಲೂ ಇಲ್ಲ. ಅಟ್ಟದ ಮೇಲೆ ಇಟ್ಟ ಸಾಲದ ಪತ್ರದಂತೆ ಉಳಿಯಿತು.

ಭಾರತದ ವಾದ ಸರಳವಾಗಿತ್ತು. ಸರ್ಕಾರ ಕಬ್ಬನ್ನು ಕೊಳ್ಳುವುದಿಲ್ಲ; ಹಣ ಕೊಡುವುದು ಕಾರ್ಖಾನೆ. ಸರ್ಕಾರದ ಬೊಕ್ಕಸದಿಂದ ಹೋಗದ ಹಣವನ್ನು ಸರ್ಕಾರದ ಬೆಂಬಲವೆಂದು ಎಣಿಸುವುದು ಹೇಗೆ? ಮಂಡಳಿ ಇದನ್ನು ಒಪ್ಪಲಿಲ್ಲ. ಬೆಲೆಯನ್ನು ಕಾನೂನಿನಿಂದ ಕಡ್ಡಾಯ ಮಾಡಿದರೆ ಸಾಕು, ಕೊಳ್ಳುವವರು ಯಾರಾದರೂ ಅದು ಬೆಂಬಲವೇ ಎಂದಿತು.

ಈ ಬೆಂಬಲವನ್ನು ಅಳೆಯುವ ಕ್ರಮವನ್ನು ನಮ್ಮ ಬೇಸಾಯಗಾರರು ಅವಶ್ಯವಾಗಿ ತಿಳಿಯಬೇಕು. ಇಂದು ಗೊತ್ತುಪಡಿಸಿದ ಬೆಲೆಯನ್ನು ಇಂದಿನ ಪೇಟೆಯ ಬೆಲೆಯೊಡನೆ ಹೋಲಿಸುವುದಿಲ್ಲ. 1986ರಿಂದ 1988ರವರೆಗಿನ ಸರಾಸರಿ ಅಂತರರಾಷ್ಟ್ರೀಯ ಬೆಲೆಯೊಡನೆ ಹೋಲಿಸುತ್ತಾರೆ. ಇಂದಿನ ಬೆಲೆಯಿಂದ ಅಂದಿನ ಬೆಲೆಯನ್ನು ಕಳೆದು, ಉಳಿದದ್ದನ್ನು ಟನ್ನುಗಳಿಂದ ಗುಣಿಸಿದರೆ ಬಂದದ್ದೇ ಬೆಂಬಲ. ಆ ಹೊತ್ತಿನಲ್ಲಿ ಕೂಲಿಯಾಳಿಗೆ ಕೊಡುತ್ತಿದ್ದ ಕೂಲಿ ಎಷ್ಟು, ಒಂದು ಚೀಲ ಯೂರಿಯಾಕ್ಕೆ ಎಷ್ಟಿತ್ತು, ಒಂದು ಲೀಟರ್ ಡೀಸೆಲಿಗೆ ಎಷ್ಟಿತ್ತು ಎಂಬುದನ್ನು ಹಿರಿಯರು ಒಮ್ಮೆ ನೆನಪು ಮಾಡಿಕೊಳ್ಳಲಿ. ಖರ್ಚೆಲ್ಲ ಈ ಕಾಲದ್ದು. ಬೆಲೆಗೆ ಹಿಡಿಯುವ ಅಳತೆಗೋಲು ಮಾತ್ರ ಆ ಕಾಲದ್ದು. 2014-15ರಲ್ಲಿ ಕಬ್ಬಿನ ಎಫ್.ಆರ್.ಪಿ. ಟನ್ನಿಗೆ 2,200 ರೂಪಾಯಿ ಇತ್ತು. 2025-26ರ ಹಂಗಾಮಿಗೆ ಶೇಕಡ 10.25ರ ಸಕ್ಕರೆ ಇಳುವರಿಗೆ 3,550 ರೂಪಾಯಿ, 9.5ಕ್ಕಿಂತ ಕಡಿಮೆ ಇಳುವರಿಯ ಕಾರ್ಖಾನೆಗಳಲ್ಲಿ 3,290 ರೂಪಾಯಿ 50 ಪೈಸೆ ಎಂದು ಗೊತ್ತುಪಡಿಸಲಾಯಿತು. ಬಿತ್ತನೆಯಿಂದ ಕಟಾವಿನವರೆಗೆ ಹನ್ನೆರಡು ತಿಂಗಳು ಕಾದು, ಕಟಾವು ಕೂಲಿ, ಸಾಗಾಣಿಕೆ ಕಳೆದು ಉಳಿಯುವುದೆಷ್ಟೆಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಅಷ್ಟಕ್ಕೇ ನಿಲ್ಲುವುದಿಲ್ಲ. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದಾಗ, ಅದುವರೆಗೆ ತಮ್ಮ ರೈತರಿಗೆ ಹೇರಳವಾಗಿ ಸಹಾಯ ಮಾಡುತ್ತಿದ್ದ ಶ್ರೀಮಂತ ದೇಶಗಳು, ಅದನ್ನು ಸ್ವಲ್ಪ ಕಡಿಮೆ ಮಾಡುವ ಮಾತು ಕೊಟ್ಟು ಉಳಿದ ಭಾಗವನ್ನು ಹಕ್ಕಾಗಿ ಉಳಿಸಿಕೊಂಡವು. ಹೀಗೆ ಅಮೆರಿಕಕ್ಕೆ ವರ್ಷಕ್ಕೆ ಸುಮಾರು 1,910 ಕೋಟಿ ಡಾಲರ್, ಯುರೋಪಿನ ಒಕ್ಕೂಟಕ್ಕೆ ಸುಮಾರು 7,200 ಕೋಟಿ ಯುರೋ ಬೆಂಬಲ ಕೊಡುವ ಅವಕಾಶ ದಕ್ಕಿತು. ಆಗ ಅಂಥ ಸಹಾಯ ಮಾಡದೇ ಇದ್ದ ಭಾರತಕ್ಕೆ ಈ ಅವಕಾಶ ಇಲ್ಲವಾಗಿ, ಶೇಕಡ 10ರ ಗೆರೆಯಷ್ಟೇ ಸಿಕ್ಕಿತು. ಹೆಚ್ಚು ಉಂಡವನಿಗೆ ಇನ್ನೂ ಉಣ್ಣಲು ಚೀಟಿ, ಹಸಿದಿದ್ದವನಿಗೆ ಪಥ್ಯ ಎಂದಂತಾಯಿತು.

2014-15: ಒಂದೇ ಹಂಗಾಮು, ಎರಡು ಲೆಕ್ಕ

ಈಗ ನನ್ನ ಮನಸ್ಸಿನಲ್ಲಿ ಬಹುದಿನದಿಂದ ಕುಳಿತಿರುವ ವಿಷಯಕ್ಕೆ ಬರುತ್ತೇನೆ. ಮಿತಿ ಮೀರಿ ಬೆಂಬಲ ಪಡೆದರೆಂದು ಮಂಡಳಿ ಹೇಳಿದ ಐದು ಹಂಗಾಮುಗಳಲ್ಲಿ ಮೊದಲನೆಯದು 2014-15. ಆ ವರ್ಷ ಸಕ್ಕರೆ ಬೆಲೆ ಕುಸಿದಿತ್ತು. ಕಾರ್ಖಾನೆಗಳಲ್ಲಿ ಬಾಕಿ ಬೆಳೆಯಿತು. 2015ರ ಜೂನ್, ಜುಲೈ ತಿಂಗಳುಗಳಲ್ಲಿ ಮಂಡ್ಯ ಜಿಲ್ಲೆಯಿಂದ ಸಾಲಕ್ಕೆ ಸಿಕ್ಕಿದ ಕಬ್ಬು ಬೆಳೆಗಾರರ ಆತ್ಮಹತ್ಯೆಯ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ ತಾಲ್ಲೂಕುಗಳಲ್ಲಿ ಆ ಮಳೆಗಾಲವನ್ನು ಮರೆತವರಿಲ್ಲ.

ಜಿನೀವಾದ ಲೆಕ್ಕಪುಸ್ತಕದಲ್ಲಿ ಆ ವರ್ಷ ನಮ್ಮ ಬೆಳೆಗಾರ ಹೆಚ್ಚು ಪಡೆದವನು. ಊರಿನ ಲೆಕ್ಕಪುಸ್ತಕದಲ್ಲಿ ಅವನಿಗೆ ಬರಬೇಕಾದ ಹಣವೇ ಬಂದಿರಲಿಲ್ಲ. ಮಂಡಳಿಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಮುಂದೆ ಇದ್ದ ಪ್ರಶ್ನೆ, ಗೊತ್ತುಪಡಿಸಿದ ಬೆಲೆಯಿಂದ ಹಳೆಯ ಬೆಲೆ ಕಳೆದರೆ ಎಷ್ಟು ಎಂಬುದು. ಆ ಬೆಲೆ ಬೆಳೆಗಾರನ ಕೈಗೆ ತಲುಪಿತೆ, ಅದರಲ್ಲಿ ಅವನ ಸಂಸಾರ ನಡೆಯಿತೆ ಎಂಬುದನ್ನು ಕೇಳಲು ಆ ಕಟಕಟೆಯಲ್ಲಿ ಅವಕಾಶವೇ ಇಲ್ಲ. ವ್ಯಾಪಾರ ಒಪ್ಪಂದಗಳ ಒಳಗಿನ ಮಾತನ್ನಷ್ಟೇ ಅಲ್ಲಿ ವಿಚಾರಿಸುತ್ತಾರೆ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ರಫ್ತು ಸಹಾಯಧನದ ವಿಷಯದಲ್ಲಿ ದೂರುದಾರರ ಮಾತಿನಲ್ಲಿ ಸತ್ಯವಿದೆ. 2019-20ರಲ್ಲಿ 60 ಲಕ್ಷ ಟನ್ ಸಕ್ಕರೆಯನ್ನು ಹೊರಗೆ ಕಳುಹಿಸಲು ಟನ್ನಿಗೆ 10,448 ರೂಪಾಯಿಯಂತೆ ಕೊಡಲು ಕೇಂದ್ರ ಸರ್ಕಾರ ಒಪ್ಪಿತು. ಆ ಹಣವನ್ನು ಕಾರ್ಖಾನೆಯ ಪರವಾಗಿ ಬೆಳೆಗಾರರ ಬಾಕಿಗೇ ಜಮಾ ಮಾಡಬೇಕೆಂಬ ನಿಯಮವಿತ್ತು. ಇದರಿಂದ ಇಲ್ಲಿ ಕೆಲವರ ಬಾಕಿ ತೀರಿದ್ದುಂಟು. ಆದರೆ ಹಾಗೆ ಹೊರಗೆ ಹರಿದ ಸಕ್ಕರೆ ಇನ್ನೊಂದು ದೇಶದ ಕಬ್ಬು ಬೆಳೆಗಾರನ ಬೆಲೆಯನ್ನು ಇಳಿಸುತ್ತದೆ; ಗ್ವಾಟೆಮಾಲದಲ್ಲಿಯೂ ಕಬ್ಬು ಕಡಿಯುವವರು ಬಡವರೇ. ಇದೇ ವ್ಯಾಪಾರ ಕಾನೂನಿನ ಬಲದಿಂದ, ಯುರೋಪಿನವರು ಸಹಾಯಧನ ಕೊಟ್ಟು ಸಕ್ಕರೆ ಸುರಿಯುತ್ತಿದ್ದುದನ್ನು ಬ್ರೆಜಿಲ್, ಆಸ್ಟ್ರೇಲಿಯ, ಥಾಯ್‌ಲ್ಯಾಂಡ್ ದೇಶಗಳು 2005ರಲ್ಲಿ ತಡೆದವು. ಆಗ ನಾವೂ ಅದನ್ನು ಮೆಚ್ಚಿದ್ದೆವು. ಕಾನೂನು ನಮಗೆ ಅನುಕೂಲವಾದಾಗ ಒಳ್ಳೆಯದು, ಆಗದಾಗ ಕೆಟ್ಟದ್ದು ಎನ್ನುವುದು ಸರಿಯಲ್ಲ. ಕಾರ್ಖಾನೆಯ ಬಾಕಿ ಇಲ್ಲಿಯ ರೋಗ. ಅದರ ಔಷಧವನ್ನು ಬೇರೆಯವರ ಗದ್ದೆಗೆ ಸಿಂಪಡಿಸಿದರೆ ವಾಸಿಯಾಗುವುದಿಲ್ಲ.

ಹಾಗಾದರೆ ನನ್ನ ತಕರಾರು ಏನು? ರಫ್ತು ಸಹಾಯಧನವನ್ನೂ ಬೆಳೆಗಾರ ಬದುಕಲು ಬೇಕಾದ ಕನಿಷ್ಠ ಬೆಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು.

ಅದೇ ಸರ್ಕಾರಗಳು, ಇನ್ನೊಂದು ಸಹಿ

ಇದು ನನ್ನ ಸ್ವಂತ ಆಸೆಯ ಮಾತಲ್ಲ. ಪ್ರತಿಯೊಬ್ಬನಿಗೂ ಅನ್ನ, ಬಟ್ಟೆ, ವಸತಿ ಸಹಿತವಾದ ತಕ್ಕ ಜೀವನಮಟ್ಟದ ಹಕ್ಕಿದೆ ಎಂದು 1966ರ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯ 11ನೆಯ ವಿಧಿ ಹೇಳುತ್ತದೆ. ಯಾವ ಜನರನ್ನೂ ಅವರ ಜೀವನಾಧಾರದಿಂದ ವಂಚಿಸಕೂಡದು ಎಂಬ ಮಾತು ಅದರ ಮೊದಲನೆಯ ವಿಧಿಯಲ್ಲೇ ಇದೆ. ಭಾರತ 1979ರಲ್ಲಿ ಇದಕ್ಕೆ ಸೇರಿತು. ಎಂದರೆ ವಿಶ್ವ ವ್ಯಾಪಾರ ಸಂಸ್ಥೆಗಿಂತ ಹದಿನಾರು ವರ್ಷ ಮೊದಲು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಮುಂಬಯಿಯ ಕಾಲುದಾರಿ ವಾಸಿಗಳ ಮೊಕದ್ದಮೆಯಲ್ಲಿ ಹೇಳಿತು. ವಿಶ್ವ ವ್ಯಾಪಾರ ಸಂಸ್ಥೆಯನ್ನು ಸ್ಥಾಪಿಸಿದ ಒಪ್ಪಂದದ ಪೀಠಿಕೆಯಲ್ಲಿ ಕೂಡ ಮೊದಲು ಬರುವುದು ಜೀವನಮಟ್ಟವನ್ನು ಏರಿಸುವ ಉದ್ದೇಶವೇ. ಪೀಠಿಕೆ ಓದಲು ಚೆನ್ನಾಗಿದೆ. ದಂಡ ಹಾಕುವುದು ಮಾತ್ರ ಹಿಂದಿನ ಪುಟಗಳಲ್ಲಿನ ಲೆಕ್ಕದ ಮೇಲೆ.

2018ರ ಡಿಸೆಂಬರ್ 17ರಂದು ವಿಶ್ವಸಂಸ್ಥೆಯ ಮಹಾಸಭೆಯು ರೈತರ ಮತ್ತು ಗ್ರಾಮೀಣ ದುಡಿಮೆಗಾರರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ರೈತರಿಗೆ ಅನ್ವಯಿಸುವ ಮಾನವ ಹಕ್ಕುಗಳಿಗೆ ಹೊಂದುವಂತೆಯೇ ಅಂತರರಾಷ್ಟ್ರೀಯ ಒಪ್ಪಂದಗಳನ್ನು ರಚಿಸಬೇಕು, ಅರ್ಥೈಸಬೇಕು, ಜಾರಿಗೆ ತರಬೇಕು ಎಂದು ಅದರ 2ನೆಯ ವಿಧಿ ಹೇಳುತ್ತದೆ. 121 ದೇಶಗಳು ಪರವಾಗಿ ಮತ ಕೊಟ್ಟವು. ಅವುಗಳಲ್ಲಿ ಭಾರತವೂ ಒಂದು. ಎಂಟು ದೇಶಗಳು ವಿರೋಧಿಸಿದವು. ಅವುಗಳಲ್ಲಿ ಆಸ್ಟ್ರೇಲಿಯ ಮತ್ತು ಗ್ವಾಟೆಮಾಲ ಸೇರಿದ್ದವು. ಬ್ರೆಜಿಲ್ ತಟಸ್ಥವಾಗಿ ಉಳಿಯಿತು. ಮೂರು ತಿಂಗಳೊಳಗೆ ಈ ಮೂವರೇ ನಮ್ಮ ಕಬ್ಬಿನ ಬೆಲೆಯ ಮೇಲೆ ದೂರು ಕೊಟ್ಟರು. ಘೋಷಣೆಗೆ ಒಪ್ಪಂದದ ಬಲವಿಲ್ಲ. ಅದನ್ನು ಮೀರಿದವರನ್ನು ಜಿನೀವಾಕ್ಕೆ ಎಳೆಯಲಾಗದು. ವ್ಯಾಪಾರದ ಮಾತಿಗೆ ಹಲ್ಲಿದೆ, ಹಕ್ಕಿನ ಮಾತಿಗೆ ಹಲ್ಲಿಲ್ಲ.

ಆ ಘೋಷಣೆಯ ಹಿಂದೆ ದುಡಿದ ಅಂತರರಾಷ್ಟ್ರೀಯ ರೈತ ಒಕ್ಕೂಟದಲ್ಲಿ ನಮ್ಮ ಕರ್ನಾಟಕ ರಾಜ್ಯ ರೈತ ಸಂಘವೂ ಇತ್ತೆಂಬುದನ್ನು ಬಹಳ ಜನ ಅರಿಯರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಗ್ಯಾಟ್ ಒಪ್ಪಂದದ ಮಾತನ್ನು ಹಳ್ಳಿಯ ಜಗಲಿಗೆ ತಂದಾಗ ಪಟ್ಟಣದ ಕೆಲವು ವಿದ್ಯಾವಂತರು ಹಾಸ್ಯ ಮಾಡಿದ್ದರು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀಜದ ಕಂಪನಿಯ ಕಚೇರಿಗೆ ನುಗ್ಗಿದ ರೀತಿಯನ್ನು ನಾನು ಒಪ್ಪುವವನಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಸರಿಯಾಗಿತ್ತು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು ಅದೇ ಪ್ರಶ್ನೆಯನ್ನು ವಿಧಾನಸಭೆಗೆ ಒಯ್ದವರು. ಅವರು 2018ರ ಫೆಬ್ರವರಿಯಲ್ಲಿ ತೀರಿಕೊಂಡರು. ಘೋಷಣೆ ಬಂದದ್ದು ಅದೇ ವರ್ಷದ ಕೊನೆಯಲ್ಲಿ.

ಬೀಜದಲ್ಲಿ ಆದದ್ದು ಬೆಲೆಯಲ್ಲಿ ಏಕಾಗಬಾರದು?

ವ್ಯಾಪಾರದ ಕಾನೂನಿನೊಳಗೆ ರೈತನ ಹಕ್ಕಿಗೆ ಜಾಗ ಮಾಡುವುದು ಆಗದ ಕೆಲಸವೆಂದು ಯಾರೂ ತಿಳಿಯಬಾರದು. ಬೀಜದ ವಿಷಯದಲ್ಲಿ ಅದು ಆಗಿದೆ. ಹೊಸ ತಳಿಗಳಿಗೆ ಪೇಟೆಂಟ್ ಮೂಲಕವಾಗಲಿ ದೇಶದ್ದೇ ಆದ ಬೇರೆ ಕಾನೂನಿನಿಂದಾಗಲಿ ರಕ್ಷಣೆ ಕೊಡಬೇಕೆಂದು 1995ರ ಒಪ್ಪಂದ ಹೇಳಿತು. ನಮ್ಮ ಸಂಸತ್ತು ಎರಡನೆಯ ದಾರಿ ಹಿಡಿದು 2001ರಲ್ಲಿ ಕಾನೂನು ಮಾಡಿತು. ಅದರ 39ನೆಯ ಪ್ರಕರಣದಂತೆ ರೈತನು ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಕೊಡು-ಕೊಳ್ಳುಗೆ ಮಾಡಬಹುದು, ಮಾರಲೂಬಹುದು. ಕಂಪನಿಯ ಹೆಸರಿನ ಚೀಟಿ ಅಂಟಿಸಿ ಮಾರಬಾರದು, ಅಷ್ಟೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಮಾಡಿದಾಗ, ಅವು ಕಣದಿಂದ ಕಣಕ್ಕೆ, ನೆಂಟರಿಂದ ನೆಂಟರಿಗೆ ಹರಡಿದ್ದನ್ನು ಕಂಡವರಿಗೆ ಈ ಪ್ರಕರಣದ ಬೆಲೆ ಗೊತ್ತು.

ಬೆಲೆಯ ವಿಷಯದಲ್ಲಿಯೂ ಇಂಥದೇ ಪಟ್ಟು ಬೇಕು. ವಿಪರೀತ ಬೆಲೆಯೇರಿಕೆಯನ್ನು ಗಮನಕ್ಕೆ ತೆಗೆದುಕೊಳ್ಳಬೇಕೆಂಬ ಮಾತು ಕೃಷಿ ಒಪ್ಪಂದದ 18ನೆಯ ವಿಧಿಯಲ್ಲೇ ಇದೆ. 1986-88ರ ಅಳತೆಗೋಲನ್ನು ಬದಲಿಸದೆ ಬೇರಾವ ಹೊಸ ಮಾತಿಗೂ ಒಪ್ಪುವುದಿಲ್ಲವೆಂದು ನಮ್ಮ ಪ್ರತಿನಿಧಿಗಳು ಹಿಡಿದು ಕೂರಬೇಕು. ಇನ್ನು ಮುಂದೆ ಯಾವ ದೇಶದೊಡನೆ ಒಪ್ಪಂದ ಮಾಡಿಕೊಳ್ಳುವುದಕ್ಕೂ ಮೊದಲು, ಅದರಿಂದ ಸಣ್ಣ ಹಿಡುವಳಿದಾರನ ಅನ್ನಕ್ಕೆ, ಆದಾಯಕ್ಕೆ ಏನಾಗುವುದೆಂಬ ಪರಿಶೀಲನೆ ನಡೆಯಬೇಕು. ವಿಶ್ವಸಂಸ್ಥೆಯ ಆಹಾರ ಹಕ್ಕಿನ ವಿಶೇಷ ವರದಿಗಾರರಾಗಿದ್ದ ಒಲಿವಿಯೆ ದ ಶೂಟರ್ ಇಂಥ ಪರಿಶೀಲನೆಯ ಕ್ರಮವನ್ನು 2011ರಲ್ಲಿಯೇ ಬರೆದುಕೊಟ್ಟರು.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೃಷಿಯು ರಾಜ್ಯ ಪಟ್ಟಿಯ 14ನೆಯ ಬಾಬು. ವಿದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರ ಪಟ್ಟಿಯ ಬಾಬು, ಅದರ ಸಂಖ್ಯೆಯೂ 14! ಹೀಗೆ ವಿಧಾನಸೌಧದ ಹೊಣೆಯಲ್ಲಿರುವ ಬೇಸಾಯದ ಬಗ್ಗೆ ವಿಧಾನಸೌಧವನ್ನು ಕೇಳದೆಯೇ ಸಹಿ ಬೀಳುತ್ತದೆ. ಒಪ್ಪಂದದ ಕರಡು ರಾಜ್ಯಗಳ ಶಾಸನಸಭೆಯ ಮುಂದೆ ಚರ್ಚೆಗೆ ಬರಲೇಬೇಕೆಂದು ನಮ್ಮ ಶಾಸಕರು ಒತ್ತಾಯಿಸುವುದರಲ್ಲಿ ತಪ್ಪೇನಿದೆ?

ಟೀ ಅಂಗಡಿಯ ಯಜಮಾನರಿಗೆ ಇದರಲ್ಲಿ ಕಾಲು ಭಾಗವನ್ನೂ ನಾನು ಹೇಳಿರಲಾರೆ. ಅವರು ತಾಳ್ಮೆಯಿಂದ ಕೇಳಿ, "ಅದೆಲ್ಲ ಇರ್ಲಿ ಸ್ವಾಮಿ. ಹದಿನಾಲ್ಕು ದಿನದೊಳಗೆ ದುಡ್ಡು ಕೊಡ್ಬೇಕು ಅಂತಾರಲ್ಲ, ಅದು ಯಾವ ಕಾನೂನು?" ಎಂದರು. 1966ರ ಕಬ್ಬು ನಿಯಂತ್ರಣ ಆದೇಶ, 3ನೆಯ ಖಂಡ. ತಡವಾದರೆ ವರ್ಷಕ್ಕೆ ಶೇಕಡ 15ರ ಬಡ್ಡಿ ಸೇರಿಸಿ ಕೊಡಬೇಕೆಂದೂ ಅದರಲ್ಲಿ ಬರೆದಿದೆ ಎಂದೆ. ಬಡ್ಡಿಯ ಮಾತು ಅವರಿಗೆ ಹೊಸದು. ಜೇಬಿನಿಂದ ಹಳೆಯ ತೂಕದ ಚೀಟಿಯೊಂದನ್ನು ತೆಗೆದು, ಅದರ ಬೆನ್ನಿಗೆ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಅಷ್ಟರಲ್ಲಿ ಅವರ ಮಗ ಟ್ರ್ಯಾಕ್ಟರ್ ಚಾಲೂ ಮಾಡಿದ್ದ.