ಸಮವಸ್ತ್ರ ತೊಟ್ಟ ಜೀತ

ಜೀತ ಪದ್ಧತಿ ಅಳಿದುಹೋಯಿತೆಂದು ನಂಬಿರುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಗೌಡರ ಕೊಟ್ಟಿಗೆಯಲ್ಲಿ ತಂದೆಯ ಸಾಲಕ್ಕೆ ಮಗ ದುಡಿಯುವ ದೃಶ್ಯ ಮೊದಲಿನಷ್ಟು ಕಾಣುವುದಿಲ್ಲ, ನಿಜ. ಆದರೆ ಅದೇ ಜೀತ ಊರು ಬಿಟ್ಟು ಪಟ್ಟಣ ಸೇರಿದೆ. ಹರಕು ಕಂಬಳಿ ಬಿಸುಟು ಸಮವಸ್ತ್ರ ತೊಟ್ಟಿದೆ.

ಬೆಂಗಳೂರಿನ ಪಡುವಣ ಭಾಗದ ನಂದಿನಿ ಲೇಔಟನ್ನು ನೋಡಿರಿ. ಒಂದು ಮಗ್ಗುಲಿಗೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಮಗ್ಗುಲಿಗೆ ಯಶವಂತಪುರದ ರೈಲು ನಿಲ್ದಾಣ, ನೆರೆಯಲ್ಲೇ ಲಗ್ಗೆರೆಯ ಬಾಡಿಗೆ ಮನೆಗಳು. ಕೆಲಸ ಕೊಡುವವರೂ ಕೆಲಸ ಹುಡುಕಿ ಬಂದವರೂ ಸಂಧಿಸುವ ಇಂಥ ಬಡಾವಣೆಗಳಲ್ಲಿ, ಕಾವಲುಗಾರರನ್ನೂ ಕಸಗುಡಿಸುವವರನ್ನೂ ಒದಗಿಸುವ ಸಣ್ಣ ಕಂಪನಿಗಳು ಬೆಳೆಯುವುದು ಸಹಜ. ಎರಡು ಕೋಣೆ, ನಾಲ್ಕು ಕುರ್ಚಿ, ಒಂದು ಟೆಲಿಫೋನು ಇದ್ದರೆ ವ್ಯಾಪಾರ ಆರಂಭವಾಗುತ್ತದೆ. ಇವೆಲ್ಲವೂ ಕೆಟ್ಟವೆಂದು ನಾವು ಹೇಳುವುದಿಲ್ಲ. ನ್ಯಾಯವಾಗಿ ನಡೆಯುವವರೂ ಉಂಟು. ಆದರೆ ನಮ್ಮ ಜಿಲ್ಲೆಯಿಂದ ಹೋದ ಹುಡುಗರು ಹಬ್ಬಕ್ಕೆ ಬಂದಾಗ ಹೇಳುವುದನ್ನು ಕೇಳಿದವರಿಗೆ, ಈ ವ್ಯಾಪಾರ ಎಲ್ಲಿ ದಾರಿ ತಪ್ಪುತ್ತದೆಂಬುದು ಗೊತ್ತು.

ಮೇಸ್ತ್ರಿ ಊರಿಗೆ ಬಂದು ಮುಂಗಡ ಕೊಡುತ್ತಾನೆ. ಪಟ್ಟಣಕ್ಕೆ ಹೋದೊಡನೆ ಕಡತಕ್ಕೆ ಬೇಕೆಂದು ಆಧಾರ್ ಚೀಟಿಯನ್ನು ತೆಗೆದಿಟ್ಟುಕೊಳ್ಳುತ್ತಾರೆ. ಮೊದಲ ತಿಂಗಳ ಸಂಬಳ ಠೇವಣಿಯಾಗುತ್ತದೆ. ಸಮವಸ್ತ್ರಕ್ಕಿಷ್ಟು, ಬೂಟಿಗಿಷ್ಟು, ಆರು ಮಂದಿ ಮಲಗುವ ಕೋಣೆಗಿಷ್ಟು ಎಂದು ಮುರಿದುಕೊಂಡ ಮೇಲೆ ಸಾಲ ಕರಗುವ ಬದಲು ಉಬ್ಬುತ್ತದೆ. ಹನ್ನೆರಡು ಗಂಟೆ ದುಡಿದವನು ಬಿಟ್ಟು ಹೋಗುತ್ತೇನೆಂದರೆ, ಲೆಕ್ಕ ತೀರಿಸಿ ಹೋಗು ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದಕ್ಕೆ ಜೀತವೆಂದಲ್ಲದೆ ಬೇರೆ ಯಾವ ಹೆಸರಿದೆ?

ಕಾಯಿದೆಯೂ ಇದನ್ನೇ ಹೇಳುತ್ತದೆ. ಸಂವಿಧಾನದ 23ನೆಯ ವಿಧಿ ಬಿಟ್ಟಿ ಚಾಕರಿಯನ್ನೂ ಬಲಾತ್ಕಾರದ ದುಡಿಮೆಯನ್ನೂ ನಿಷೇಧಿಸಿದೆ. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ ಪ್ರಕಾರ ಸಾಲ ಕೊಟ್ಟ ಮಾತ್ರಕ್ಕೆ ಜೀತವಾಗುವುದಿಲ್ಲ. ಆ ಸಾಲದ ಕಾರಣದಿಂದ ಕನಿಷ್ಠ ಕೂಲಿ ತಪ್ಪಿದರೆ, ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ತಪ್ಪಿದರೆ, ಬೇಕಾದಲ್ಲಿ ತಿರುಗಾಡುವ ಹಕ್ಕು ತಪ್ಪಿದರೆ, ತನ್ನ ದುಡಿಮೆಯನ್ನು ಪೇಟೆಯ ಬೆಲೆಗೆ ಮಾರುವ ಹಕ್ಕು ತಪ್ಪಿದರೆ, ಅದು ಜೀತ. ಅಂಥ ಸಾಲವನ್ನು ತೀರಿಸಬೇಕಾದ ಹೊಣೆಯೇ ಇಲ್ಲ. ಅದು ಜೀತದ ಸಾಲವಲ್ಲವೆಂದು ರುಜುವಾತು ಮಾಡುವ ಭಾರ ಕೊಟ್ಟವನ ಮೇಲಿದೆ, ದುಡಿದವನ ಮೇಲಲ್ಲ. ಏಷ್ಯನ್ ಕ್ರೀಡೆಗಳ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೇ ಬಲಾತ್ಕಾರದ ದುಡಿಮೆ ಎಂದು ತೀರ್ಪಿತ್ತಿತು. ಹಸಿವೂ ಒಂದು ಬಲಾತ್ಕಾರವೆಂಬುದನ್ನು ಆ ತೀರ್ಪು ಒಪ್ಪಿಕೊಂಡಿತು.

'ನಮ್ಮದು ಸಣ್ಣ ಕಂಪನಿ, ನಮಗೆ ಇವೆಲ್ಲ ಅನ್ವಯಿಸುವುದಿಲ್ಲ' ಎಂಬ ಮಾತು ಕೇಳಿಬರುತ್ತದೆ. ಗುತ್ತಿಗೆ ಕಾರ್ಮಿಕರ ಮಟ್ಟಿಗೆ ಈ ಮಾತಿಗೆ ಸರ್ಕಾರವೇ ಆಸರೆ ಕೊಟ್ಟಿದೆ. 1970ರ ಕಾಯಿದೆ 20 ಮಂದಿ ಗುತ್ತಿಗೆ ಕಾರ್ಮಿಕರಿದ್ದ ಕಡೆಗೆಲ್ಲ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 50ಕ್ಕೆ ಏರಿದೆ. ಆದರೆ ಜೀತದ ಕಾಯಿದೆಗೆ ಇಂಥ ಯಾವ ಮಿತಿಯೂ ಇಲ್ಲ. ಒಬ್ಬನೇ ಆಳನ್ನು ಹಿಡಿದಿಟ್ಟರೂ ಅಪರಾಧ ಅಪರಾಧವೇ.

ತಪ್ಪೆಲ್ಲವನ್ನೂ ಸಣ್ಣ ಕಂಪನಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಕನಿಷ್ಠ ಕೂಲಿಯ ಮೇಲೆ ಮಾಲೀಕನ ಪಾಲಿನ ಭವಿಷ್ಯನಿಧಿ ನೂರಕ್ಕೆ 12, ಇ.ಎಸ್.ಐ. ನೂರಕ್ಕೆ 3.25. ಕೂಲಿ ನೂರು ರೂಪಾಯಿಯಾದರೆ ಖರ್ಚು ನೂರಹದಿನೈದನ್ನು ದಾಟಲೇಬೇಕು. ಸೋಪು, ಪೊರಕೆ, ಕಛೇರಿಯ ಬಾಡಿಗೆ ಬೇರೆ. ಹೀಗಿರುವಾಗ ದೊಡ್ಡ ಕಛೇರಿಯೊಂದು ತೊಂಬತ್ತಕ್ಕೆ ಆಳು ಕೊಡುವವನಿಗೇ ಗುತ್ತಿಗೆ ಕೊಟ್ಟರೆ, ಉಳಿದ ಹಣ ಯಾರ ಹೊಟ್ಟೆಯಿಂದ ಬರುತ್ತದೆಂಬುದು ಆ ಕಛೇರಿಯ ಲೆಕ್ಕಿಗನಿಗೆ ತಿಳಿಯದೆ? ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯಿದೆ, ವರ್ಷಕ್ಕೆ 3.6 ಕೋಟಿ ಪೌಂಡಿಗೆ ಕಡಿಮೆಯಿಲ್ಲದ ವಹಿವಾಟುಳ್ಳ ಕಂಪನಿಗಳು ತಮ್ಮಲ್ಲಿಯೂ ತಮಗೆ ಸರಕು ಒದಗಿಸುವವರಲ್ಲಿಯೂ ಗುಲಾಮಗಿರಿ ತಡೆಯಲು ಏನು ಮಾಡಿದೆವೆಂದು ವರ್ಷವರ್ಷವೂ ಪ್ರಕಟಿಸಬೇಕೆಂದು ವಿಧಿಸಿದೆ. ಅವು ಆ ಪ್ರಶ್ನೆಯನ್ನು ತಮಗೆ ಸೇವೆ ಒದಗಿಸುವ ಸಣ್ಣವರ ಮುಂದಿಡುತ್ತವೆ. ಸಣ್ಣವರು ಒಂದು ಹಾಳೆಗೆ ಸಹಿ ಹಾಕಿ ಕಳಿಸುತ್ತಾರೆ. ದರ ಮಾತ್ರ ಹಳೆಯದೇ! ಕೂಲಿಗೆ ಸಾಲದ ದರ ಕೊಟ್ಟು ಪ್ರಮಾಣಪತ್ರ ಕೇಳುವುದು ಬೂಟಾಟಿಕೆ.

ಸಣ್ಣ ಕಂಪನಿ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಆಧಾರ್ ಚೀಟಿಯನ್ನು ನೋಡಿ ಹಿಂದಿರುಗಿಸಲಿ. ಸಂಬಳವನ್ನು ಮೇಸ್ತ್ರಿಯ ಕೈಗೆ ಕೊಡದೆ ದುಡಿದವನ ಖಾತೆಗೇ ಹಾಕಲಿ. ಮುಂಗಡವಿದ್ದರೆ ಬರೆದು ಓದಿ ಹೇಳಲಿ. ಬಿಟ್ಟು ಹೋಗುವವನನ್ನು ತಡೆಯದಿರಲಿ. ಆಳುಗಳನ್ನು ಕರೆತಂದ ಮೇಸ್ತ್ರಿ ಊರಿನಲ್ಲಿ ಏನು ಮಾತು ಕೊಟ್ಟನೆಂದು ಆಳುಗಳನ್ನೇ ಕೇಳಲಿ. ಸಮವಸ್ತ್ರ ಹೊಲಿಯುವ ಕೋಣೆಗೆ ಹೇಳದೆ ಒಂದು ದಿನ ಹೋಗಿ ನೋಡಲಿ.

ಸರ್ಕಾರದ ನಡತೆಯನ್ನು ನಾವು ಮರೆತಿಲ್ಲ. 2020ರ ಮೇ ತಿಂಗಳಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರ ರೈಲುಗಳನ್ನು, ಕಟ್ಟಡ ಕಂಪನಿಗಳವರೊಡನೆ ಮಾತುಕತೆಯಾದ ಬೆನ್ನಿಗೇ ರಾಜ್ಯ ಸರ್ಕಾರ ನಿಲ್ಲಿಸಹೊರಟಿತು. ಜನ ಛೀಮಾರಿ ಹಾಕಿದ ಮೇಲೆ ಹಿಂದೆಗೆಯಿತು. 2018ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಅರಸೀಕೆರೆಯ ಬಳಿ ಕೂಡಿಹಾಕಿದ್ದ 52 ಮಂದಿಯನ್ನು ಬಿಡಿಸಬೇಕಾಯಿತು. ಜೀತಕ್ಕಿಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸಜೆಯೆಂದು ಕಾಯಿದೆ ಹೇಳುತ್ತದೆ. ಜುಲ್ಮಾನೆಯ ಮಿತಿ 1976ರಲ್ಲಿ ಬರೆದ 2000 ರೂಪಾಯಿಯೇ. ಇದನ್ನು ಕಂಡು ಯಾವ ಗುತ್ತಿಗೆದಾರ ಹೆದರುತ್ತಾನೆ? ಜುಲ್ಮಾನೆ ಏರಬೇಕು, ಜಿಲ್ಲೆ ಜಿಲ್ಲೆಯ ಜಾಗೃತಿ ಸಮಿತಿಗಳು ತಪ್ಪದೆ ಸೇರಬೇಕು, ಬಿಡುಗಡೆಯಾದವನಿಗೆ ಪರಿಹಾರ ಕೊಡಲು ಅಪರಾಧಿಗೆ ಶಿಕ್ಷೆಯಾಗುವವರೆಗೆ ಕಾಯಿಸಬಾರದು.

ಕೊನೆಗೆ ನಮ್ಮ ಓದುಗರಿಗೊಂದು ಮಾತು. ಗಿರಣಿಯ ಗೆಳೆಯರೇ, ನಿಮ್ಮ ಸಂಘದ ಚೀಟಿ ನಿಮ್ಮ ಕಿಸೆಯಲ್ಲಿದೆ. ನಿಮ್ಮ ಗಿರಣಿಯ ಬಾಗಿಲು ಕಾಯುವವನ ಚೀಟಿ ಯಾರ ಪೆಟ್ಟಿಗೆಯಲ್ಲಿದೆಯೆಂದು ನಾಳೆ ಪಾಳಿ ಮುಗಿದ ಮೇಲೆ ಅವನನ್ನು ಕೇಳಿರಿ. ಅವನು ನಿಮ್ಮ ಸಂಘದವನಲ್ಲದಿರಬಹುದು, ಆದರೆ ನಿಮ್ಮ ವರ್ಗದವನು. ಅಂಗಡಿಯ ಗೆಳೆಯರೇ, ಮುಂಗಡ ಕೊಟ್ಟು ತಂದಿಟ್ಟುಕೊಂಡ ಹುಡುಗ ನಾಳೆ ಹೋಗುತ್ತೇನೆಂದರೆ ನೀವು ಏನು ಹೇಳುವಿರಿ? ಆ ಉತ್ತರವನ್ನು ಮೊದಲು ನಮ್ಮನಮ್ಮಲ್ಲೇ ಸರಿಪಡಿಸಿಕೊಂಡರೆ, ನಂದಿನಿ ಲೇಔಟಿನ ಮಹಡಿಯ ಮೇಲಿರುವವನನ್ನೂ ಅವನ ಮೇಲಿರುವ ದೊಡ್ಡವನನ್ನೂ ಪ್ರಶ್ನಿಸುವ ಅಧಿಕಾರ ನಮಗೆ ಬರುತ್ತದೆ.