ಹಳೆಯ ಕಾರಿನಲ್ಲಿ ಹೊಸ ದನಿ

ನಾರಾಯಣಪೇಟೆಯಿಂದ ಗದ್ವಾಲಕ್ಕೆ ಮದುವೆ ಮುಂಜಿಗಳಿಗೆಂದು ಹೋಗಿಬರುವ ನಮ್ಮ ಹಳೆಯ ಕಾರಿನಲ್ಲಿ ಮೊಬೈಲಿನ ಹಾಡು ಕೇಳಿಸದು. ಅದರ ಕ್ಯಾಸೆಟ್ ಯಂತ್ರವನ್ನು ಕಿತ್ತು ಹೊಸದನ್ನು ಕೂಡಿಸಬೇಕೆಂದು ಮಕ್ಕಳು ಹಟ ಹಿಡಿದಿದ್ದರು. ನಮಗೆ ಮನಸ್ಸು ಬರಲಿಲ್ಲ. ಅಜ್ಜಿ ಹಾಡಿದ ಸೋಬಾನ ಪದಗಳ ಕ್ಯಾಸೆಟ್ ಉಳಿದಿರುವುದು ಒಂದೇ; ಅದನ್ನು ಕೇಳಿಸುವ ಯಂತ್ರ ಮನೆಯಲ್ಲಿರುವುದೂ ಅದೊಂದೇ. 1956ರಲ್ಲಿ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟ ಮೇಲೆ, ತೆಲುಗು ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಇಂಥ ಹಾಡುಗಳೇ ಕನ್ನಡದ ಪಾಠವಾಗಿದ್ದುವು.

ವಾಸ್ತವದಲ್ಲಿ ಕೀಳುವ ಅಗತ್ಯವೇ ಇಲ್ಲ. ಕ್ಯಾಸೆಟ್ಟಿನ ಆಕಾರದ್ದೇ ಒಂದು ಅಡಾಪ್ಟರ್ ದೊರೆಯುತ್ತದೆ. ಅದರ ತಂತಿಯನ್ನು ಮೊಬೈಲಿಗೆ ಸಿಕ್ಕಿಸಿದರೆ, ಅದರೊಳಗಿನ ಪುಟ್ಟ ಕಾಂತದ ತಲೆಯು ಟೇಪಿನ ಬದಲು ತಾನೇ ಯಂತ್ರಕ್ಕೆ ದನಿಯನ್ನು ಒಪ್ಪಿಸುತ್ತದೆ. ಇಯರ್‌ಫೋನಿನ ರಂಧ್ರವಿಲ್ಲದ ಮೊಬೈಲಿಗೆ ಬೇರೊಂದು ಜೋಡಣೆ ಬೇಕು, ಅಷ್ಟೆ.

ಬರಿಯ ರೇಡಿಯೋ ಇರುವ ಕಾರಿನವರು ಸಿಗರೇಟ್ ಲೈಟರಿನ ಜಾಗದಲ್ಲಿ ಕೂಡುವ ಎಫ್.ಎಂ. ಟ್ರಾನ್ಸ್‌ಮಿಟರ್ ಕೊಳ್ಳಬಹುದು. ಯಾವ ನಿಲಯವೂ ಇಲ್ಲದ ತರಂಗಾಂತರವನ್ನು ಹುಡುಕಿ ಎರಡರಲ್ಲೂ ಅದನ್ನೇ ಇಡಬೇಕು. ಮಕ್ತಲದಿಂದ ರಾಯಚೂರಿನತ್ತ ಹೋಗುವಾಗ ನಡುವೆ ಬೇರೆ ನಿಲಯ ನುಗ್ಗಿದರೆ ಬದಲಿಸಬೇಕಾದೀತು. ಗಾಡಿ ನಿಲ್ಲಿಸಿಯೇ ಎಂದು ಬೇರೆ ಹೇಳಬೇಕೆ?

ನಮ್ಮ ಮನೆಗೆ ಅಡಾಪ್ಟರ್ ಬಂದ ದಿನ ಮೊದಲು ಹಾಡಿದ್ದು ಮಕ್ಕಳ ಮೊಬೈಲು. ಮಕ್ತಲ ದಾಟಿದ ಮೇಲೆ ಕಿರಿಯವಳೇ ಅದನ್ನು ಹೊರತೆಗೆದು ಮುತ್ತಜ್ಜಿಯ ಕ್ಯಾಸೆಟ್ ಹಾಕಿದಳು. ಟೇಪು ಸವೆಯುವ ಮುನ್ನ ಆ ಪದಗಳನ್ನು ಮೊಬೈಲಿಗೆ ಇಳಿಸಿಕೊಳ್ಳುವ ಕೆಲಸವೊಂದು ಇನ್ನೂ ಬಾಕಿಯಿದೆ.